ಐಂಡ್‌ಹೋವನ್‌ನಲ್ಲಿ ಇನ್ನು 33 ದಿನ

ತಮ್ಮಾ, ಹೋದ ವಾರ ನೀನು ಮೂರು ಪ್ರಶ್ನೆ ಕೇಳಿದ್ದೆ. ಇಲ್ಲಿ, ಈ ನೆದರ್‌ಲ್ಯಾಂಡ್ಸ್‌ನಲ್ಲಿ, ವರ್ಷಕ್ಕೆ ಎಷ್ಟು ಉಳಿಸಬಹುದು? ಈ ಚಳಿಗೆ, ಕತ್ತಲೆಗೆ ಒಗ್ಗಿಕೊಳ್ಳಲು ಎಷ್ಟು ಕಾಲ ಬೇಕು? ಮೂರನೆಯದನ್ನು ಸ್ವಲ್ಪ ಅಳುಕುತ್ತಲೇ ಕೇಳಿದೆ: "ಅಕ್ಕ, 14 ವರ್ಷ ಇದ್ದವರು ನೀವೇ ವಾಪಸ್ ಹೊರಟಿದ್ದೀರಲ್ಲ, ಹಾಗಾದರೆ ಇಲ್ಲಿ ಎಂತದೋ ಸರಿ ಇಲ್ಲ ಅಂತಾಯ್ತಲ್ಲ?" ಶಿವಮೊಗ್ಗದಿಂದ ಬಂದು ಎರಡು ತಿಂಗಳೂ ತುಂಬದ ಹುಡುಗನಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ಇಲ್ಲಿ ಸರಿ ಇಲ್ಲ ಅಂತ ನಾನು ಹೊರಟಿದ್ದಲ್ಲ. ಅಮ್ಮನಿಗೆ ಈಗ 74. ಅಪ್ಪ ಹೋದ ಮೇಲೆ ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟವನ್ನು ಚೇಣಿಗೆ, ಅಂದರೆ ವರ್ಷದ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದೇವೆ. ಎಲೆಚುಕ್ಕಿ ರೋಗ ಮೂರು ವರ್ಷದಿಂದ ಬಿಟ್ಟಿಲ್ಲ. ಚೇಣಿಯವರು ಆ ವರ್ಷದ ಫಸಲು ನೋಡುತ್ತಾರೆ, ಮರ ಉಳಿಯಿತೋ ಇಲ್ಲವೋ ಎಂಬುದು ಮನೆಯವರು ನೋಡಬೇಕಾದ ವಿಷಯ. ನಮ್ಮ ಯಜಮಾನರು ಮಾರ್ಚ್‌ನಲ್ಲೇ ಊರಿಗೆ ಹೋದರು. ಮಳೆ ಹಿಡಿಯುವುದರೊಳಗೆ ಹಂಚು ಕೈಯಾಡಿಸಿ ಮುಗಿಸಬೇಕಲ್ಲ. ನನ್ನ ಟಿಕೆಟ್ ಮೇ 31ಕ್ಕೆ. ಮೃಗಶಿರ ಮಳೆ ಶುರುವಾಗುವ ಹೊತ್ತಿಗೆ ನಾನು ನಮ್ಮ ಜಗುಲಿಯಲ್ಲಿರುತ್ತೇನೆ. ಅದನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಆದರೆ ಟಿಕೆಟ್ ಮಾಡಿಸಿದ ದಿನದಿಂದ ಈ ಊರೂ ನನ್ನನ್ನು ಹಿಡಿದುಕೊಂಡಿದೆ. ನಾನು ನಿನಗೆ ಹೇಳಬೇಕಾದ್ದು ಅದನ್ನೇ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಬಾಡಿಗೆ ನಿನ್ನ ಸಂಬಳದ ದೊಡ್ಡ ಪಾಲನ್ನು ತಿನ್ನುತ್ತದೆ, ಅದಕ್ಕೆ ಉಪಾಯವಿಲ್ಲ. ಹೊರದೇಶದಿಂದ ಕರೆಸಿಕೊಂಡ ಪರಿಣತರಿಗೆ ಸಂಬಳದ ಒಂದು ಭಾಗಕ್ಕೆ ತೆರಿಗೆ ಬಿಡುವ ನಿಯಮವಿದೆಯಲ್ಲ, ಎಲ್ಲರೂ ಮೂವತ್ತು ಪರ್ಸೆಂಟ್ ರೂಲಿಂಗ್ ಅನ್ನುತ್ತಾರೆ, ಅದು ಹೆಚ್ಚೆಂದರೆ ಐದು ವರ್ಷ. ಆಮೇಲೆ ಕೈಗೆ ಬರುವ ಸಂಬಳ ಒಮ್ಮೆಲೇ ಇಳಿಯುತ್ತದೆ. ಮೊದಲ ವರ್ಷದ ಲೆಕ್ಕ ನೋಡಿ ಊರಲ್ಲಿ ಸೈಟಿಗೆ ಸಾಲ ಮಾಡಬೇಡ. ಇಲ್ಲಿ ಇದ್ದ ಒಂದೊಂದು ವರ್ಷಕ್ಕೂ ಇಲ್ಲಿನ ಸರ್ಕಾರದ ವೃದ್ಧಾಪ್ಯ ಪಿಂಚಣಿಯಲ್ಲಿ ಶೇ. 2ರಷ್ಟು ಹಕ್ಕು ನಿನ್ನ ಹೆಸರಿಗೆ ಸೇರುತ್ತ ಹೋಗುತ್ತದೆ. ನನ್ನ 14 ವರ್ಷಕ್ಕೆ ಶೇ. 28. ಅದರ ಕಾಗದ ಜೋಪಾನ ಮಾಡು. ಊರಿನ ಬ್ಯಾಂಕಿನ ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿ ಭಾರತೀಯರ ಖಾತೆ, ಹೊರಗಿರುವಷ್ಟು ದಿನ ಮಾತ್ರ. ಮರಳಿ ನೆಲೆಸಲು ಹೋದಾಗ ಬ್ಯಾಂಕಿಗೆ ತಿಳಿಸಿ ಬದಲಿಸಬೇಕು. ಆರೋಗ್ಯ ವಿಮೆ ಮಾಡಿಸಲು ನಾಲ್ಕು ತಿಂಗಳ ಗಡುವಿದೆ, ನಿನ್ನದು ಇನ್ನೂ ಆಗಿಲ್ಲ ಅಂದಿದ್ದೆ. ಈ ವಾರವೇ ಮಾಡಿಸು.

ಕತ್ತಲೆಯ ಮಾತು ಹೆಚ್ಚು ಮುಖ್ಯ. ನೀನು ಬಂದಿದ್ದು ಮಾರ್ಚ್‌ನಲ್ಲಿ, ಈಗ ದಿನದಿಂದ ದಿನಕ್ಕೆ ಬೆಳಕು ಏರುತ್ತಿದೆ. ಜೂನ್‌ನಲ್ಲಿ ರಾತ್ರಿ ಹತ್ತರ ತನಕ ಸೂರ್ಯ ಇರುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಮುಳುಗಿರುತ್ತಾನೆ. ನನ್ನ ಮೊದಲ ಚಳಿಗಾಲ ನಾನು ಪರದೆ ಎಳೆದುಕೊಂಡು, ಫೋನ್ ಹಿಡಿದುಕೊಂಡು ಕಳೆದೆ. ಮೂರನೆಯ ವರ್ಷಕ್ಕೆ ಒಂದು ವಿಷಯ ಹೊಳೆಯಿತು. ನಾವು ಮಲೆನಾಡಿನವರು, ತಿಂಗಳುಗಟ್ಟಲೆ ಮನೆಯೊಳಗಿರುವುದು ನಮಗೆ ಹೊಸದಲ್ಲ. ಪುಷ್ಯ, ಆಶ್ಲೇಷ ಮಳೆಯಲ್ಲಿ ಸೂರ್ಯನ ಮುಖ ಕಾಣದೆ ವಾರಗಳು ಹೋಗುತ್ತವೆ, ಯಾರಾದರೂ ಬೇಜಾರು ಅಂತ ಕೂತಿದ್ದುಂಟೆ? ಒಲೆ ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನ ಹಪ್ಪಳ ಕೆಂಡದ ಮೇಲೆ ಸುಡುತ್ತಿರುತ್ತದೆ, ಕಂಬಳಿ ಕೊಪ್ಪೆ ಹಾಕಿಕೊಂಡು ಅಪ್ಪ ತೋಟಕ್ಕೆ ಒಂದು ಸುತ್ತು ಹೋಗಿಯೇ ಬರುತ್ತಿದ್ದರು. ಇಲ್ಲಿನ ಚಳಿಗಾಲವನ್ನು ನಮ್ಮ ಮಳೆಗಾಲ ಅಂತಲೇ ತಿಳಿದುಕೊ. ಅದಕ್ಕೂ ಒಂದು ತಯಾರಿ, ಅದರದ್ದೇ ತಿಂಡಿ, ಅದರದ್ದೇ ಕೆಲಸ ಇಟ್ಟುಕೊ. ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಒಂದು ಸುತ್ತು ಹೋಗಿ ಬಾ, ಮಳೆಯಿದ್ದರೂ. ನನಗೆ ಔಷಧಿ ಇದ್ದದ್ದು ಅಷ್ಟೇ.

ಈಗ ಈ ಕೊನೆಯ ವಾರಗಳ ವಿಷಯ.

ನಾನು 2012ರಲ್ಲಿ ಬಂದಾಗ ಎರಡೇ ವರ್ಷ ಅಂದುಕೊಂಡಿದ್ದೆ. ನೆಲದ ಮೇಲೆ ಹಾಸಿಗೆ, ಕಿಟಕಿಗೆ ಹಳೆ ಸೀರೆ. ಹೋಗುವವಳಿಗೆ ಒಳ್ಳೆ ಬಾಣಲೆ ಯಾಕೆ ಅಂತ ತಳ ಹಿಡಿಯುವ ಬಾಣಲೆಯಲ್ಲೇ ಆರು ವರ್ಷ ಅಡುಗೆ ಮಾಡಿದೆ. ಏನು ಕೊಳ್ಳುವಾಗಲೂ ರೂಪಾಯಿಯಲ್ಲಿ ಗುಣಿಸುವುದು. ಒಂದು ಕಪ್ ಕಾಫಿ ಗುಣಿಸಿದ ಮೇಲೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಎರಡು ವರ್ಷ ನಾಲ್ಕಾಯಿತು, ನಾಲ್ಕು ಎಂಟಾಯಿತು, ನಾನು ಮಾತ್ರ ಬಸ್‌ಸ್ಟ್ಯಾಂಡಿನಲ್ಲಿ ಚೀಲ ತೊಡೆ ಮೇಲಿಟ್ಟುಕೊಂಡು ಕೂತವಳ ಹಾಗೆಯೇ ಇದ್ದೆ.

ನ್ಯೂನನ್ ಅಂತ ಒಂದು ಹಳ್ಳಿ ಇದೆ, ನನ್ನ ಮನೆಯಿಂದ ಸೈಕಲ್‌ನಲ್ಲಿ ಅರ್ಧ ಗಂಟೆ. ಚಿತ್ರಕಾರ ವ್ಯಾನ್ ಗೋ 1883ರಿಂದ 1885ರವರೆಗೆ ಅಲ್ಲಿದ್ದ, ಬಡ ರೈತರು ದೀಪದ ಕೆಳಗೆ ಆಲೂಗಡ್ಡೆ ತಿನ್ನುವ ಆ ಪ್ರಸಿದ್ಧ ಚಿತ್ರ ಬರೆದದ್ದೂ ಅಲ್ಲೇ. ಆ ಕಡೆ ಹೋಗುವ ಸೈಕಲ್ ದಾರಿಯ ಒಂದು ತುಂಡಿನಲ್ಲಿ ನೆಲಕ್ಕೆ ಸಾವಿರಾರು ಸಣ್ಣ ಕಲ್ಲುಗಳನ್ನು ಕೂರಿಸಿದ್ದಾರೆ. ಅವು ಹಗಲು ಬೆಳಕು ಕುಡಿದು ರಾತ್ರಿ ಹೊಳೆಯುತ್ತವೆ. 2014ರಲ್ಲೇ ಆದ ದಾರಿ. ನಾನು ಅದರ ಮೇಲೆ ಸೈಕಲ್ ಹೊಡೆದದ್ದು ಈ ಏಪ್ರಿಲ್‌ನಲ್ಲಿ, ಟಿಕೆಟ್ ಆದ ಮೇಲೆ. ಕತ್ತಲಲ್ಲಿ ನೆಲವೆಲ್ಲ ಹಸಿರು ನೀಲಿ ಮಿಣುಕು. ಸೈಕಲ್ ನಿಲ್ಲಿಸಿ ಇಳಿದುಬಿಟ್ಟೆ. ಮೊದಲ ಮಳೆಗೆ ಮುಂಚೆ ನಮ್ಮ ತೋಟದ ಅಂಚಿನಲ್ಲಿ ಮಿಂಚುಹುಳ ಮರಕ್ಕೆ ಮರವೇ ಹತ್ತಿಕೊಂಡ ಹಾಗೆ ಮಿನುಗುತ್ತವಲ್ಲ, ಅದೇ ನೆನಪಾಗಿ ಅಳು ಬಂತು. ಊರಿನ ನೆನಪಿಗೆ ಬಂದ ಅಳು ಅಂತ ಮೊದಲು ಅಂದುಕೊಂಡೆ. ಅಲ್ಲ. ಇಷ್ಟು ಹತ್ತಿರ ಇದ್ದದ್ದನ್ನು 12 ವರ್ಷ ನೋಡದೆ ಬಿಟ್ಟೆನಲ್ಲ ಅಂತ ಬಂದದ್ದು.

ಅಲ್ಲಿಂದೀಚೆಗೆ ನಾನು ದಿನಾ ಒಂದೊಂದನ್ನು ನಿಧಾನವಾಗಿ ಮಾಡುತ್ತಿದ್ದೇನೆ. ಈಗ ಇಲ್ಲಿ ಬಿಳಿ ಆಸ್ಪರಗಸ್ ಕಾಲ. ಏಪ್ರಿಲ್‌ನಲ್ಲಿ ಶುರುವಾಗಿ ಜೂನ್ 24ಕ್ಕೆ ಕೀಳುವುದನ್ನೇ ನಿಲ್ಲಿಸಿಬಿಡುತ್ತಾರೆ, ಗಿಡ ಮುಂದಿನ ವರ್ಷಕ್ಕೆ ಉಳಿಯಬೇಕಲ್ಲ. ಮಣ್ಣು ಏರಿಸಿ ಬಿಸಿಲು ತಾಗದ ಹಾಗೆ ಬೆಳೆಸಿದ ಮೊಳಕೆ, ನಮ್ಮ ಕಳಲೆಯ ತಂಗಿ. ಕಳಲೆಯ ಹಾಗೆ ದಿನಗಟ್ಟಲೆ ನೀರಲ್ಲಿ ಹಾಕಿಡಬೇಕಿಲ್ಲ, ಸಿಪ್ಪೆ ಹೆರೆದರೆ ಸಾಕು. ನಾನು ಕಾಯಿ ಹಾಕಿ ಹುಳಿ ಮಾಡುತ್ತೇನೆ. ಪಕ್ಕದ ಮನೆಯ ಅಜ್ಜಿಗೆ ಒಂದು ಬಟ್ಟಲು ಕೊಡುತ್ತೇನೆ. ಅವರು ಬೆಣ್ಣೆ, ಮೊಟ್ಟೆ ಬಿಟ್ಟು ಬೇರೆ ರೀತಿಯಲ್ಲಿ ಅದನ್ನು ತಿಂದೇ ಇರಲಿಲ್ಲವಂತೆ.

ನಿನ್ನೆ, ಏಪ್ರಿಲ್ 27, ರಾಜನ ಹುಟ್ಟುಹಬ್ಬ. ಆ ಒಂದು ದಿನ ಮನೆಯ ಹಳೆ ಸಾಮಾನನ್ನು ಯಾರು ಬೇಕಾದರೂ ಬೀದಿಯಲ್ಲಿ ಹರವಿಕೊಂಡು ಮಾರಬಹುದು. ಇಷ್ಟು ವರ್ಷ ಕೊಳ್ಳಲೂ ಹೋಗಿರಲಿಲ್ಲ. ನಿನ್ನೆ ಜಮಖಾನ ಹಾಸಿ ನಮ್ಮ ಪಾತ್ರೆ ಪಗಡೆ ಇಟ್ಟುಕೊಂಡು ಕೂತೆ. ಕಿತ್ತಳೆ ಬಣ್ಣದ ಕೋಟು ಹಾಕಿದ್ದ ಮುದುಕರೊಬ್ಬರು ಚಕ್ಕುಲಿ ಒರಳು ಎತ್ತಿ ನೋಡಿ ಇದೇನಮ್ಮ ಅಂದರು. ಹೇಳಿದೆ. ಅಕ್ಕಿಹಿಟ್ಟು, ಬೆಣ್ಣೆ, ಜೀರಿಗೆ, ಹಿಟ್ಟಿನ ಹದ, ಎಣ್ಣೆಯ ಕಾವು, ಚೌತಿ ಹಬ್ಬಕ್ಕೆ ಅಮ್ಮ ಒತ್ತುತ್ತಿದ್ದದ್ದು, ಎಲ್ಲ. ಎರಡು ಯೂರೋ ಕೊಟ್ಟು ತೆಗೆದುಕೊಂಡು ಹೋದರು. ಅವರು ತಿರುವು ದಾಟಿದ ಮೇಲೆ ನನಗೆ ಹೊಳೆಯಿತು, ಅಷ್ಟನ್ನೂ ನಾನು ಡಚ್‌ನಲ್ಲಿ ಹೇಳಿದ್ದೆ, ಒಂದು ಕಡೆಯೂ ತಡವರಿಸಿರಲಿಲ್ಲ.

ಇಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತದೆ ಅಂತ ಮೊದಲ ಐದು ವರ್ಷ ನಾನು ಡಚ್ ಕಲಿಯಲೇ ಇಲ್ಲ. ಆಮೇಲೆ ಕಲಿತದ್ದು ಈ ಪಕ್ಕದ ಮನೆ ಅಜ್ಜಿಯ ಹಿತ್ತಲಲ್ಲಿ. ಅವರು ಬೆಳೆದ ದೊಡ್ಡ ಅವರೆಯಂಥ ಕಾಳನ್ನು ಇಬ್ಬರೂ ಸುಲಿಯುತ್ತ ಕೂರುತ್ತಿದ್ದೆವು. ರಾತ್ರಿ ಅಡಿಕೆ ಸುಲಿಯುವಾಗ ನಮ್ಮಲ್ಲಿ ಮಾತು ಬೆಳೆಯುವುದಿಲ್ಲವೇ, ಹಾಗೆಯೇ ಬೆಳೆಯಿತು. ನಮ್ಮ ಸೋನೆಮಳೆಗೆ ಅವರಲ್ಲಿ 'ಮೋಟ್‌ರೇಖನ್' ಎಂಬ ಮಾತಿದೆ. ತಲೆ ಕೆಟ್ಟಾಗ ಜೋರು ಗಾಳಿಗೆ ಮೈಯೊಡ್ಡಿ ನಡೆದು ಬರುವುದಕ್ಕೇ ಒಂದು ಮಾತಿದೆ, 'ಔಟ್‌ವಾಯೆನ್'. ತೀರ್ಥಹಳ್ಳಿ ಪೇಟೆಯಲ್ಲಿ ಈ ಮಾತುಗಳನ್ನು ನಾನು ಯಾರ ಹತ್ತಿರ ಆಡಲಿ? ಪಾತ್ರೆ ಮಾರಬಹುದು, ಪುಸ್ತಕ ಹಡಗಿಗೆ ಹಾಕಬಹುದು. ಡಚ್ ಮಾತಾಡುವಾಗ ನಾನು ಸ್ವಲ್ಪ ಬೇರೆಯವಳೇ ಆಗಿರುತ್ತೇನೆ, ಬೇಡ ಅನ್ನುವುದನ್ನು ಬೇಡ ಅಂತಲೇ ಹೇಳುವವಳು. ಅವಳನ್ನು ಕರೆದುಕೊಂಡು ಹೋಗುವ ದಾರಿ ನನಗಿನ್ನೂ ಕಂಡಿಲ್ಲ. ಹಾಗಾಗಿ ಈಗ ಅಂಗಡಿ, ಬಸ್ಸು, ಗ್ರಂಥಾಲಯ ಎಲ್ಲ ಕಡೆ ಬೇಕೆಂದೇ ನಾಲ್ಕು ಮಾತು ಹೆಚ್ಚು ಆಡುತ್ತಿದ್ದೇನೆ. ನೀನು ಐದು ವರ್ಷ ಕಾಯಬೇಡ. ಇದೊಂದನ್ನು ಅಕ್ಕ ಹೇಳಿದ್ದು ಅಂತ ಕೇಳು.

ಬೆಟ್ಟವಿಲ್ಲ ಅಂತ ನಿನಗೆ ಕಣ್ಣು ತಡಕಾಡುತ್ತಿರಬಹುದು. ಈ ದೇಶದ ಯೂರೋಪಿನ ಭಾಗದಲ್ಲಿ ಅತಿ ಎತ್ತರದ ಜಾಗ 322 ಮೀಟರ್, ನಮ್ಮ ಶಿವಮೊಗ್ಗ ಬಸ್‌ಸ್ಟ್ಯಾಂಡೇ ಅದಕ್ಕಿಂತ ಎತ್ತರದಲ್ಲಿದೆ. ನನಗೂ ಬಹಳ ದಿನ ಹಾಗೇ ಆಗುತ್ತಿತ್ತು. ಆಮೇಲೆ ಆಕಾಶ ನೋಡುವುದು ಕಲಿತೆ. ಇಲ್ಲಿ ಮೋಡ ಹುಟ್ಟುವುದರಿಂದ ಕರಗುವವರೆಗೆ ಪೂರ್ತಿ ಕಾಣುತ್ತದೆ. ಆಗುಂಬೆಯಲ್ಲಿ ಮೋಡ ಕಾಣುವಷ್ಟರಲ್ಲಿ ನಾವು ಅದರೊಳಗೇ ಇರುತ್ತೇವೆ.

ನಾನು ಬಿಟ್ಟು ಬಂದ ಊರು ಹಾಗೆಯೇ ಕಾಯುತ್ತಿದೆ ಅಂತ ನಾನೇನೂ ನಂಬಿಲ್ಲ. 2023ರಿಂದ ಶಿವಮೊಗ್ಗಕ್ಕೇ ವಿಮಾನ ಇಳಿಯುತ್ತಿದೆ. ಸಿಗಂದೂರಿಗೆ ಶರಾವತಿ ಹಿನ್ನೀರಿನಲ್ಲಿ ಲಾಂಚ್ ಕಾದು ಹೋಗುತ್ತಿದ್ದ ಜಾಗದಲ್ಲಿ 2025ರ ಜುಲೈನಲ್ಲಿ ಸೇತುವೆಯೇ ಆಯಿತು. ಆಸ್ಪತ್ರೆಗೆ ಹೋಗಲು ಒದ್ದಾಡುತ್ತಿದ್ದ ಆ ಕಡೆಯ ಜನಕ್ಕೆ ಎಷ್ಟು ದೊಡ್ಡ ಅನುಕೂಲ! ಲಾಂಚಿನ ಕಂಬಿ ಹಿಡಿದು ನಿಂತ ಚಿಕ್ಕಂದಿನ ನೆನಪು ಮಾತ್ರ ನನ್ನಲ್ಲಿದೆ, ಇರಲಿ. ಅಲ್ಲಿಯೂ ನಾನು ಸ್ವಲ್ಪ ಕಾಲ ಹೊಸಬಳೇ, ನೀನು ಇಲ್ಲಿ ಇರುವ ಹಾಗೆ. ಈ ಸಲ ಮಾತ್ರ ಚೀಲ ಬಿಚ್ಚಿಟ್ಟು ಒಳ್ಳೆ ಬಾಣಲೆಯನ್ನೇ ಕೊಳ್ಳುತ್ತೇನೆ.

ಮೇ 4ರ ರಾತ್ರಿ ಎಂಟಕ್ಕೆ, ಯುದ್ಧದಲ್ಲಿ ಸತ್ತವರಿಗಾಗಿ ಇಡೀ ದೇಶ ಎರಡು ನಿಮಿಷ ಮೌನವಾಗುತ್ತದೆ. ದಾರಿಯಲ್ಲಿ ಹೋಗುವವರೂ ನಿಂತುಬಿಡುತ್ತಾರೆ. ಬಾ, ಜೊತೆಗೆ ಹೋಗೋಣ. ಎರಡನೇ ಮಹಾಯುದ್ಧದಲ್ಲಿ ಈ ಊರು ಜರ್ಮನರ ಕೈಯಿಂದ ಬಿಡುಗಡೆಯಾದದ್ದು 1944ರ ಸೆಪ್ಟೆಂಬರ್ 18ಕ್ಕೆ. ಪ್ರತಿ ವರ್ಷ ಆ ದಿನದಿಂದ ಬೀದಿಗಳಲ್ಲಿ ದೀಪಾಲಂಕಾರ ಇರುತ್ತದೆ. ಅದನ್ನು ನೀನು ನೋಡಿ ನನಗೆ ಬರೆ.

ಬಂದ ಐದು ದಿನದೊಳಗೆ ನೀನು ನಗರಸಭೆಯಲ್ಲಿ ಹೆಸರು ಬರೆಸಿದೆಯಲ್ಲ, ಹೋಗುವ ಮುಂಚಿನ ಐದು ದಿನದೊಳಗೆ ನಾನು ಹೆಸರು ತೆಗೆಸಬೇಕು. ಅದು ಮುಗಿಸಿಕೊಂಡು ಮೇ 30ರ ಸಂಜೆ ಮನೆಯಲ್ಲೇ ಇರುತ್ತೇನೆ. ಸೈಕಲ್ ಮಾರಿಲ್ಲ, ನಿನಗೇ ಇಟ್ಟಿದ್ದೇನೆ. ಅದಕ್ಕೆ ಹಿಂದಿನ ಬ್ರೇಕ್ ಕೈಯಲ್ಲಿಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ನಿಲ್ಲುತ್ತದೆ, ಮೊದಲ ದಿನ ಖಾಲಿ ರಸ್ತೆಯಲ್ಲಿ ಓಡಿಸಿ ನೋಡು. ಕರಿಬೇವಿನ ಕುಂಡವನ್ನೂ ಒಯ್ಯಬೇಕು, ಗಟ್ಟಿ ಚೀಲ ತಾ. ದಕ್ಷಿಣದ ಕಿಟಕಿಗೆ ಇಡು. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿ ಬರೀ ಕಡ್ಡಿ ಉಳಿಯಬಹುದು. ಸತ್ತಿತು ಅಂತ ಎಸೆಯಬೇಡ, ನೀರು ಕಮ್ಮಿ ಮಾಡಿ ಹಾಗೇ ಬಿಡು. ಮಾರ್ಚ್‌ನಲ್ಲಿ ಚಿಗುರುತ್ತದೆ.