ಚುಚ್ಚಿದ್ದು ಗಾಳಿಚೀಲ ಅಲ್ಲ, ಮೀನಿನ ಹೊಟ್ಟೆ

ಅಂಡಮಾನ್‌ನ ಹ್ಯಾವ್ಲಾಕ್ ಟ್ರಿಪ್ಪಿನ ವಿಡಿಯೋ ಹಾಕಿದ ತಮ್ಮನಿಗೆ ಈ ಉತ್ತರ. 40 ಮೀಟರ್ ಆಳದಿಂದ ಜಿಗ್‌ನಲ್ಲಿ (ಆಳಕ್ಕಿಳಿಸಿ ಕುಣಿಸುವ ಲೋಹದ ಹುಸಿ ಮೀನು) ಎತ್ತಿದ ಮುರು ಮೀನನ್ನು (ಗ್ರೂಪರ್) ವಾಪಸ್ ಬಿಟ್ಟರೂ ಅದು ಹೊಟ್ಟೆ ಮೇಲಾಗಿ ತೇಲಿಕೊಂಡು ಹೋಯಿತು, ಯಾಕೆ ಅಂತ ಕೇಳಿದ್ದೀರಿ. ಬಾಯಿಂದ ಬಲೂನ್ ತರಹ ಬಂದಿದ್ದನ್ನು ಚಾಕುವಿನ ತುದಿಯಿಂದ ಚುಚ್ಚಿ ಗಾಳಿ ತೆಗೆದೆ ಅಂತಲೂ ಬರೆದಿದ್ದೀರಿ. ಕೆಳಗೆ ಎಲ್ಲರೂ ಶಭಾಷ್ ಅಂದಿದ್ದಾರೆ. ಅದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನೇತ್ರಾಣಿ ಕಡೆ ಮೊದಮೊದಲು ನಾವೂ ಹೀಗೇ ಚುಚ್ಚುತ್ತಿದ್ದೆವು, ಆಗ ಹೇಳಿಕೊಡುವವರು ಇರಲಿಲ್ಲ.

ಅದು ಗಾಳಿಚೀಲ (ಮೀನನ್ನು ನೀರಲ್ಲಿ ತೇಲಿಸುವ ಒಳಗಿನ ಚೀಲ) ಅಲ್ಲ, ಹೊಟ್ಟೆ. 40 ಮೀಟರ್‌ನಲ್ಲಿ ಒತ್ತಡ ಮೇಲಿನದಕ್ಕಿಂತ 5 ಪಟ್ಟು. ಮೇಲೆ ಬರುತ್ತಾ ಒಳಗಿನ ಗಾಳಿ ಅಷ್ಟೇ ಪಟ್ಟು ಹಿಗ್ಗುತ್ತದೆ, ಗಾಳಿಚೀಲ ಒಡೆಯಲೂಬಹುದು, ಜಾಗ ಸಾಲದೆ ಹೊಟ್ಟೆ ಮಗುಚಿಕೊಂಡು ಬಾಯಿಗೆ ಬರುತ್ತದೆ, ಕಣ್ಣು ಉಬ್ಬುತ್ತದೆ. ಅದನ್ನು ಚುಚ್ಚಿದರೆ ಹೊಟ್ಟೆಗೆ ತೂತು ಮಾಡಿದ ಹಾಗೆ, ಅಷ್ಟೇ. ಪಕ್ಕದಿಂದ ಸೂಜಿ ಹಾಕಿ ಗಾಳಿ ತೆಗೆಯುವ ವಿಧಾನವೂ ಇದೆ. ಕೈ ಪಳಗದವರು ಅದಕ್ಕೆ ಹೋಗಬೇಡಿ, ಸೂಜಿ ಎಲ್ಲೆಲ್ಲೋ ಇಳಿಯುತ್ತದೆ. ರೀಲ್ ನಿಧಾನವಾಗಿ ಸುತ್ತಿದರೆ ಸರಿಹೋಗುತ್ತದೆ ಅಂತ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಇಲ್ಲ ಸ್ವಾಮಿ. ಮುರು ಮೀನಿಗೆ ಆ ಗಾಳಿಯನ್ನು ಬಾಯಿಂದ ಬಿಡಲು ದಾರಿಯೇ ಇಲ್ಲ. ನಿಧಾನ ಮಾಡಿದಷ್ಟೂ ಮೀನು ಸುಸ್ತಾಗುತ್ತದೆ, ಶಾರ್ಕ್ ಬೇರೆ ಹಿಂದೆ ಬೀಳುತ್ತದೆ.

ಮದ್ದು ಒಂದೇ, ಮೀನನ್ನು ಮತ್ತೆ ಆಳಕ್ಕೆ ಇಳಿಸುವುದು. ನನ್ನ ಕ್ರೇಟ್ ವಿಧಾನ ಹೇಳುತ್ತೇನೆ, ಹೊರದೇಶಗಳಲ್ಲಿ ಬಹಳ ಜನ ಮಾಡುವುದು ಇದನ್ನೇ. ಹಾಲಿನ ಪ್ಯಾಕೆಟ್ ಬರುತ್ತದಲ್ವಾ, ಆ ತರಹದ ಜಾಲರಿ ಪ್ಲಾಸ್ಟಿಕ್ ಕ್ರೇಟ್ ಬೇಕು. ಅದನ್ನು ಬೋರಲು ಹಾಕಿ. ಈಗ ಕೆಳಗಿರುವ ಬಾಯಿಯ ನಾಲ್ಕು ಮೂಲೆಗೂ ಸಮನಾಗಿ ಸೀಸ ಕಟ್ಟಿ, ಒಟ್ಟು ಐದಾರು ಕಿಲೋ ಇರಲಿ. ಮೇಲಿನ ನಾಲ್ಕು ಮೂಲೆಯಿಂದ ಹಗ್ಗ ತಂದು ನಡುವೆ ಒಂದು ಗಂಟು, ಅಲ್ಲಿಂದ ಒಂದೇ ಹಗ್ಗ. ತೆಳ್ಳನೆ ನೈಲಾನ್ ದಾರ ಬೇಡ, ಅಂಗೈ ಕೊಯ್ಯುತ್ತದೆ. ತೇಲುತ್ತಿರುವ ಮೀನಿನ ಮೇಲೆ ಕ್ರೇಟ್ ಕವುಚಿ ಹಗ್ಗ ಬಿಡಿ. ಮೀನು ತೇಲುವ ಜೋರಿಗೆ ತಾನಾಗಿ ಜಾಲರಿಗೆ ಅಂಟಿಕೊಂಡಿರುತ್ತದೆ, ಕಟ್ಟುವುದೇನೂ ಬೇಕಿಲ್ಲ. ಅಂಡಮಾನ್ ನೀರು ತಿಳಿಯಾಗಿದ್ದ ದಿನ ಬಗ್ಗಿ ನೋಡಿ. ಮೊದಲ ಐದಾರು ಮೀಟರ್ ಹೆಣದ ಹಾಗೆ ಬಿದ್ದಿರುತ್ತದೆ. ಆಮೇಲೆ ಕಿವಿರು ಆಡಲು ಶುರುವಾಗುತ್ತದೆ. ಇನ್ನೂ ಕೆಳಗೆ ಮೈ ನೆಟ್ಟಗಾಗಿ, ಬಾಲ ಕ್ರೇಟಿಗೆ ಬಡಿದದ್ದು ಹಗ್ಗದಲ್ಲೇ ಕೈಗೆ ಗೊತ್ತಾಗುತ್ತದೆ. ಆದಷ್ಟು ತಳದ ಹತ್ತಿರ ಇಳಿಸಿ, ಒಂದು ಗಳಿಗೆ ಬಿಟ್ಟು ಕ್ರೇಟ್ ಮೇಲಕ್ಕೆ ಎಳೆದುಕೊಳ್ಳಿ. ಮೀನು ಕೆಳಗಡೆಯಿಂದ ಹೊರಗೆ ಹೋಗುತ್ತದೆ.

ಕರೆಂಟ್ ಜಾಸ್ತಿ ಇದ್ದರೆ ಕ್ರೇಟ್ ಓರೆಯಾಗಿ ಹೋಗುತ್ತದೆ, ಸೀಸ ಹೆಚ್ಚು ಬೇಕು. ಇಂಜಿನ್ ನ್ಯೂಟ್ರಲ್‌ನಲ್ಲಿರಲಿ, ಹಗ್ಗ ಪ್ರೊಪೆಲ್ಲರ್‌ಗೆ ಸಿಕ್ಕರೆ ದಿನವೇ ಹಾಳು. ಕ್ರೇಟಿಗೆ ಹಿಡಿಸದ ಮೀನಿಗೆ ತುಟಿ ಹಿಡಿಯುವ ಕ್ಲಿಪ್ ಬರುತ್ತದೆ, ಸೀಕ್ವಲೈಜರ್ ಅಂತ, ಇಷ್ಟು ಆಳ ಅಂತ ಸೆಟ್ ಮಾಡಿದರೆ ಅಲ್ಲಿ ತಾನೇ ಬಿಟ್ಟುಬಿಡುತ್ತದೆ. ಒಳ್ಳೆಯ ಸಾಮಾನು, ತರಿಸಿಕೊಳ್ಳಬೇಕು. ಸ್ಟೆಲ್ಲಾ, ಸಾಲ್ಟಿಗಾ ತರಹದ ರೀಲಿಗೆ ಲಕ್ಷದ ಹತ್ತಿರ ಸುರಿಯುವವರು ಇದಕ್ಕೆ ಹಿಂದೆಮುಂದೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಇದೆಲ್ಲ ಇದ್ದರೂ ಎಲ್ಲ ಮೀನೂ ಬದುಕುವುದಿಲ್ಲ, ಆಳ ಹೆಚ್ಚಿದಷ್ಟೂ ಕಷ್ಟ. ಅದಕ್ಕೇ 70–80 ಮೀಟರ್‌ನಲ್ಲಿ, ಹೇಗೂ ಬಿಡುತ್ತೇವಲ್ಲ ಅಂತ ಹಿಡಿಯುತ್ತಾ ಕೂರಬೇಡಿ. ಊಟಕ್ಕೆ ಒಂದೆರಡು ಕೆಂಬೇರಿ ಸಿಕ್ಕಿತಾ, ಅಲ್ಲಿಂದ ಏಳಿ. ಪಾಪ್ಪರ್ (ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಹುಸಿ ಮೀನು) ತೆಗೆಯಿರಿ, ಜಿಟಿ, ಅಂದರೆ ಜೈಂಟ್ ಟ್ರೆವಲಿ ಮೀನು, ನೀರಿನ ಮೇಲೆಯೇ ಹೊಡೆಯುತ್ತದೆ, ಈ ತಾಪತ್ರಯ ಇಲ್ಲ. ಮುರು ಮೀನಿನ ಜಾತಿಗಳಲ್ಲಿ ಬಹಳಷ್ಟು ಹೆಣ್ಣಾಗಿ ಬೆಳೆದು ಆಮೇಲೆ ಗಂಡಾಗುತ್ತವೆ. ದೊಡ್ಡ ದೊಡ್ಡದನ್ನೇ ಆರಿಸಿ ತೆಗೆದರೆ ಆ ಬಂಡೆಯಲ್ಲಿ ಗಂಡೇ ಉಳಿಯುವುದಿಲ್ಲ. ಜೈಂಟ್ ಗ್ರೂಪರ್‌ಗಂತೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಗಾಳಕ್ಕೆ ಬಿದ್ದರೆ ನೀರಲ್ಲೇ ಬಿಡಿಸಿ, ಫೋಟೋ ಕೂಡ ಬೇಡ.

ಜಿಟಿ ಅಂದಾಗ ಇನ್ನೊಂದು. ನಿಮ್ಮ ಎರಡನೇ ಫೋಟೋದಲ್ಲಿ ಜಿಟಿಯನ್ನು ಲಿಪ್ ಗ್ರಿಪ್‌ನಲ್ಲಿ (ತುಟಿ ಕಚ್ಚಿ ಹಿಡಿಯುವ ಇಕ್ಕಳ) ನೇತು ಹಾಕಿದ್ದೀರಿ. ಇಪ್ಪತ್ತು ಕಿಲೋದ ಮೀನಿನ ಇಡೀ ಭಾರ ದವಡೆ ಮೇಲೆ ಬೀಳುತ್ತದೆ, ಒಳಗೆ ಹರಿದಿದ್ದು ನಿಮಗೆ ಕಾಣುವುದೂ ಇಲ್ಲ. ಗ್ಲೌಸ್ ಹಾಕಿ ಬಾಲದ ಬುಡ ಹಿಡಿಯಿರಿ, ಇನ್ನೊಂದು ಕೈ ಹೊಟ್ಟೆ ಕೆಳಗೆ, ಮೀನು ಅಡ್ಡಡ್ಡ ಇರಲಿ. ಒಣ ಟವೆಲ್, ಬಿಸಿಲಲ್ಲಿ ಕಾದ ಡೆಕ್ಕು, ಎರಡೂ ಮೈಮೇಲಿನ ಲೋಳೆ ಕೀಳುತ್ತವೆ, ನೀರು ಸುರಿದು ಆಮೇಲೆ ಮಲಗಿಸಿ. ಮೂರು ಕೊಕ್ಕೆಯ ಟ್ರೆಬಲ್ ಹುಕ್ ಕಿತ್ತು ಹಾಕಿ ಸಿಂಗಲ್ ಹಾಕಿ, ಬಾರ್ಬನ್ನು (ಕೊಕ್ಕೆಯ ತುದಿಯ ಹಿಮ್ಮುಳ್ಳು) ಪ್ಲೈಯರ್‌ನಲ್ಲಿ ಒತ್ತಿಬಿಡಿ. ಲೈನ್ ಬಿಗಿಯಾಗಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ. ಹುಕ್ ನಾನು ಬಿಕೆಕೆ, ಓನರ್ ಎರಡು ಕಂಪನಿಯದ್ದೇ ಹಾಕುವುದು. ಹೆಸರಿಲ್ಲದ ಅಗ್ಗದ ಹುಕ್ ಜಿಟಿ ಬಾಯಲ್ಲಿ ನೆಟ್ಟಗಾಗಿಬಿಡುತ್ತದೆ.

ದೋಣಿ ಹುಡುಗರ ವಿಷಯ. ಮೀನು ಬಿಡುತ್ತೇವೆ ಅಂತ ಹೊರಡುವ ಮೊದಲೇ ಹೇಳಿ, ದುಡ್ಡು ಮಾತಾಡಿಕೊಳ್ಳಿ. ಕೆಲವು ದೋಣಿಗಳಲ್ಲಿ ಹಿಡಿದ ಮೀನು ಮಾರಿದ್ದೂ ಅವರ ಸಂಪಾದನೆಯೇ. ನೀವು ಸಮುದ್ರಕ್ಕೆ ಬಿಟ್ಟು ಕೈ ಝಾಡಿಸಿಕೊಂಡರೆ ಅವರ ಹೊಟ್ಟೆ ಮೇಲೆ ಹೊಡೆದ ಹಾಗಾಗುತ್ತದೆ. ಬೆಲೀಜ್‌ನಲ್ಲಿ 2009ರಲ್ಲಿ ಟಾರ್ಪನ್, ಬೋನ್‌ಫಿಶ್, ಪರ್ಮಿಟ್ ಅನ್ನುವ ಮೂರು ಜಾತಿಯ ಮೀನನ್ನೂ ಹಿಡಿದು ಬಿಡಲೇಬೇಕು ಅಂತ ಕಾನೂನು ಮಾಡಿದರು. ಅಲ್ಲಿನ ಗೈಡ್‌ಗಳ ಅನ್ನ ಜೀವಂತ ಮೀನಿನಿಂದಲೇ ಬರುತ್ತಿದೆ. ಕಾವೇರಿ ದಡದ ನಮ್ಮ ಭೀಮೇಶ್ವರಿ, ಗಾಳಿಬೋರೆಯಲ್ಲೂ ಹಾಗೇ ಇತ್ತಲ್ವಾ? ರಾಗಿ ಮುದ್ದೆ ಕಟ್ಟಿ ಬಿಳಿಮೀನಿಗೆ (ಮಾಹಶೀರ್) ಕಾಯುತ್ತಿದ್ದ ಕಾಲದಲ್ಲಿ ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ ಗೈಡ್ ಆಗಿ ಹೊಳೆ ಕಾದರು. ವನ್ಯಧಾಮದಲ್ಲಿ ಗಾಳ ನಿಂತ ಮೇಲೆ ಆ ಕೆಲಸವೂ ಹೋಯಿತು. 2018ರಲ್ಲಿ ಕಾವೇರಿಯ ಆ ಮಾಹಶೀರ್ ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು. ಅಂಡಮಾನ್‌ನಲ್ಲಿ ಹಾಗಾಗಬಾರದು ಅಂದರೆ ಲೈಸೆನ್ಸ್ ಇರುವ ದೋಣಿಯಲ್ಲೇ ಹೋಗಿ. ವಂಡೂರಿನ ಮಹಾತ್ಮ ಗಾಂಧಿ ಮರೈನ್ ನ್ಯಾಷನಲ್ ಪಾರ್ಕ್ ಒಳಗೆ ಗಾಳ ಹಾಕುವಂತಿಲ್ಲ. ನಾರ್ತ್ ಸೆಂಟಿನೆಲ್ ಸುತ್ತ 5 ನಾಟಿಕಲ್ ಮೈಲಿ ಒಳಗೆ ಕಾಲಿಡುವಂತಿಲ್ಲ, ಅಲ್ಲಿ ಒಳ್ಳೆ ಮೀನಿದೆ ಅಂತ ಯಾರಾದರೂ ಆಸೆ ತೋರಿಸಿದರೆ ದೋಣಿ ಇಳಿದು ಬನ್ನಿ. ಹವಳದ ಮೇಲೆ ಲಂಗರು ಹಾಕುವ ದೋಣಿಯೂ ಬೇಡ. ಜಿಗ್ ಹೊಡೆಯಲು ಡ್ರಿಫ್ಟ್ ಸಾಕು, ಅಂದರೆ ದೋಣಿಯನ್ನು ನೀರಿನ ಸೆಳೆತಕ್ಕೆ ತೇಲಲು ಬಿಡುವುದು.

ಊಟಕ್ಕೆ ಇಟ್ಟುಕೊಳ್ಳುವುದಾದರೆ ಚಿಕ್ಕದನ್ನು ಇಟ್ಟುಕೊಳ್ಳಿ. ಹವಳದ ಬಂಡೆಯ ದೊಡ್ಡ ಮೀನಲ್ಲಿ ಸಿಗ್ವಾಟೆರಾ ವಿಷ ಸೇರಿರಬಹುದು, ಬೇಯಿಸಿದರೂ ಹುರಿದರೂ ಹೋಗುವುದಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. 2016ರಲ್ಲಿ ಮಂಗಳೂರಿನಲ್ಲಿ ಕೆಂಪು ಮೀನಿನ ತಲೆ ತಿಂದ ಬಹಳ ಜನ ಇದರಿಂದಲೇ ಆಸ್ಪತ್ರೆ ಸೇರಿದ್ದು. ತಲೆ ಸಾರು ಇಷ್ಟ ಇರುವವರು ದೊಡ್ಡ ಮೀನಿನದ್ದು ಬಿಟ್ಟುಬಿಡಿ.

ಫೆಬ್ರವರಿಗೆ ಮತ್ತೆ ಹೋಗುತ್ತೇವೆ ಅಂದಿದ್ದೀರಿ, ಒಳ್ಳೆ ಕಾಲ, ಮಳೆಗಾಲದ ರಗಳೆ ಇಲ್ಲ. ದೋಣಿಯವರಿಗೆ ಈಗಲೇ ಫೋನ್ ಮಾಡಿ ಕ್ರೇಟ್ ಇದೆಯಾ ಕೇಳಿ. ಇಲ್ಲ ಅಂದರೆ ಇಲ್ಲಿಂದ ಹೊರುವುದು ಬೇಡ, ಪೋರ್ಟ್ ಬ್ಲೇರ್ ಪೇಟೆಯಲ್ಲೇ ಹುಡುಕಿ. ಸೀಸ ಅಲ್ಲೇ ತೆಗೆದುಕೊಳ್ಳಿ, ಫ್ಲೈಟ್‌ನಲ್ಲಿ ಹಾಕಿದರೆ ಲಗೇಜ್ ದುಡ್ಡೇ ಜಾಸ್ತಿ ಆಗುತ್ತದೆ.