ಹಾರ್ಡ್ ಡಿಸ್ಕ್ ಕೈಕೊಡುತ್ತಿದೆ. ಚೆಕ್‌ಡಿಸ್ಕ್ ಓಡಿಸಲೇ, ಫಾರ್ಮ್ಯಾಟ್ ಮಾಡಲೇ, ಹೊಸದು ಕೊಳ್ಳಲೇ?

ನೀವು ಕೇಳಿದ್ದು ಇಷ್ಟು: ಆರು ವರ್ಷದ ಲ್ಯಾಪ್‌ಟಾಪ್, ಒಳಗೆ 1 ಟಿಬಿ ಹಾರ್ಡ್ ಡಿಸ್ಕ್. ಫೋಲ್ಡರ್ ತೆರೆದರೆ ನಿಮಿಷಗಟ್ಟಲೆ ಸುತ್ತುತ್ತಲೇ ಇರುತ್ತದೆ, ಆಗೊಮ್ಮೆ ಈಗೊಮ್ಮೆ ಟಿಕ್ ಟಿಕ್ ಸದ್ದು, ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಳದಿ ಬಣ್ಣದಲ್ಲಿ ‘ಕಾಷನ್’ (ಎಚ್ಚರಿಕೆ) ಅನ್ನುತ್ತಿದೆ, ಅದರ ಸ್ಕ್ರೀನ್‌ಶಾಟ್ ಹಾಕಿದ್ದೀರಿ. ಒಬ್ಬ ಸ್ನೇಹಿತರು ವಿಂಡೋಸಿನ ಡಿಸ್ಕ್ ದುರಸ್ತಿ ಸಾಧನವಾದ ಚೆಕ್‌ಡಿಸ್ಕ್ ಓಡಿಸಿ ಅಂದರು, ಇನ್ನೊಬ್ಬರು ಫಾರ್ಮ್ಯಾಟ್ ಹೊಡೆದರೆ ಸರಿಹೋಗುತ್ತೆ ಅಂದರು. ಬ್ಯಾಕಪ್ ಇಲ್ಲ. ಇದರ ಬದಲಿಗೆ ಯಾವ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಡಿಸ್ಕ್) ಒಳ್ಳೆಯದು ಎಂಬುದು ಕೊನೆಯ ಪ್ರಶ್ನೆ.

ಚೆಕ್‌ಡಿಸ್ಕೂ ಬೇಡ, ಫಾರ್ಮ್ಯಾಟೂ ಬೇಡ. ಈ ಉತ್ತರವನ್ನು ಅದೇ ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದರೆ ಮೊದಲು ಅದನ್ನು ಶಟ್‌ಡೌನ್ ಮಾಡಿ, ಮಿಕ್ಕಿದ್ದನ್ನು ಫೋನಿನಲ್ಲಿ ಓದಿ.

ಕೆಡುತ್ತಿರುವ ಡಿಸ್ಕಿನಲ್ಲಿ ಇನ್ನೆಷ್ಟು ಓದು ಬಾಕಿ ಇದೆ ಎಂದು ಯಾರೂ ಹೇಳಲಾರರು. ಹತ್ತು ತಾಸು ಇರಬಹುದು, ಹತ್ತು ನಿಮಿಷವೂ ಇರಬಹುದು. ಇರುವಷ್ಟನ್ನು ಫೈಲುಗಳನ್ನು ಹೊರಗೆ ತರುವುದಕ್ಕೇ ಖರ್ಚು ಮಾಡಬೇಕು. ಚೆಕ್‌ಡಿಸ್ಕನ್ನು, ಕೆಟ್ಟ ಜಾಗ ಹುಡುಕುವ ‘ಆರ್’ ಆಯ್ಕೆ ಸೇರಿಸಿ ಓಡಿಸಿದಿರೋ, ಅದು ಖಾಲಿ ಜಾಗವನ್ನೂ ಬಿಡದೆ ಇಡೀ ಡಿಸ್ಕನ್ನು ಓದುತ್ತಾ ಹೋಗುತ್ತದೆ, ಓದಲಾಗದ ಕಡೆ ಕೂತು ಗುದ್ದಾಡುತ್ತದೆ. ಅದಕ್ಕೆ ಬೇಕಾಗಿರುವುದು ಫೈಲ್ ಸಿಸ್ಟಮಿನ, ಅಂದರೆ ಯಾವ ಫೈಲು ಎಲ್ಲಿದೆ ಎಂಬ ಪಟ್ಟಿಯ, ಲೆಕ್ಕ ತಾಳೆಯಾಗುವುದು ಮಾತ್ರ; ನಿಮ್ಮ ಫೋಟೊ ಉಳಿಯಿತೋ ಇಲ್ಲವೋ ಅದರ ಚಿಂತೆಯಲ್ಲ. ತಾಳೆಯಾಗದ ಚೂರುಗಳನ್ನು ‘ಫೌಂಡ್.000’ ಎಂಬ ಫೋಲ್ಡರಿಗೆ ಸುರಿದು, ಹಳೆಯ ಹೆಸರು ಅಳಿಸಿ, ಬರೀ ನಂಬರಿನ ಫೈಲುಗಳಾಗಿ ಬಿಟ್ಟು ಕೈತೊಳೆದುಕೊಳ್ಳುತ್ತದೆ.

ನನ್ನ ಮೊದಲ ಡಿಸ್ಕ್ ಹೋದಾಗ ನಾನೂ ಇದನ್ನೇ ಮಾಡಿದ್ದೆ. ರಾತ್ರಿ ಚೆಕ್‌ಡಿಸ್ಕ್ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಪರದೆಯ ಮೇಲೆ ಶೇಕಡಾ 11. ಸ್ನಾನ ಮುಗಿಸಿ ಬಂದೆ, 11. ಕೆಲಸ ಮುಗಿಸಿ ಸಂಜೆ ಬಂದಾಗ 12, ಜೊತೆಗೆ ಡಬ್ಬಿಯೊಳಗೆ ಗುಂಡುಸೂಜಿ ಹಾಕಿ ಅಲ್ಲಾಡಿಸಿದಂಥ ಸದ್ದು. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಬಯೋಸಿನಲ್ಲಿ (ವಿಂಡೋಸಿಗೂ ಮೊದಲು ಏಳುವ ತಂತ್ರಾಂಶದಲ್ಲಿ) ಡಿಸ್ಕಿನ ಹೆಸರೇ ಇಲ್ಲ. ಅಜ್ಜನ ಕೈಬರಹದ ದಿನಚರಿಯನ್ನು ಎರಡು ವರ್ಷ ಸಂಜೆ ಸಂಜೆ ಕೂತು ಟೈಪ್ ಮಾಡಿದ್ದು ಅದರಲ್ಲಿತ್ತು. ಪುಣ್ಯಕ್ಕೆ ದಿನಚರಿ ಮನೆಯಲ್ಲೇ ಇದೆ. ಮತ್ತೆ ಮೊದಲಿಂದ ಟೈಪ್ ಮಾಡುತ್ತಿದ್ದೇನೆ, ಸದ್ಯ 1962ಕ್ಕೆ ಬಂದಿದ್ದೇನೆ.

ಈಗ ನಿಮ್ಮ ಸ್ಕ್ರೀನ್‌ಶಾಟ್. ಅದರಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಮೂರು ಸಾಲು: 05, ಸಿ5, ಸಿ6. ಕೆಟ್ಟ ಸೆಕ್ಟರುಗಳನ್ನು (ಡಿಸ್ಕಿನ ಸಣ್ಣ ಸಣ್ಣ ಖಾನೆಗಳನ್ನು) ಕೈಬಿಟ್ಟು ಮೀಸಲು ಜಾಗದಿಂದ ಬದಲಿ ಕೊಟ್ಟದ್ದೆಷ್ಟು ಎಂಬ ಲೆಕ್ಕ 05ರಲ್ಲಿದೆ. ಓದಲಾಗದೆ, ಆದರೆ ಇನ್ನೂ ಕೈಬಿಡದೆ, ಅನುಮಾನದಲ್ಲಿ ಇಟ್ಟುಕೊಂಡಿರುವ ಸೆಕ್ಟರುಗಳ ಸಂಖ್ಯೆ ಸಿ5. ಡಿಸ್ಕ್ ಬಿಡುವಿನಲ್ಲಿ ತನ್ನನ್ನೇ ತಪಾಸಣೆ ಮಾಡಿಕೊಂಡಾಗ ಸರಿಪಡಿಸಲಾಗದೆ ಉಳಿದವು ಸಿ6. ನಿಮ್ಮದರಲ್ಲಿ ಸಿ5ರ ಎದುರು ಸಾಲು ಸೊನ್ನೆಗಳಾದ ಮೇಲೆ ‘ಎ8’ ಎಂದಿದೆ. ಇದೇನು ಕೋಡ್ ಅಂತ ಕೇಳಿದ್ದೀರಿ. ಕೋಡ್ ಅಲ್ಲ, ಆ ತಂತ್ರಾಂಶ ಸಂಖ್ಯೆಗಳನ್ನು ಹದಿನಾರರ ಪದ್ಧತಿಯಲ್ಲಿ ಬರೆಯುತ್ತದೆ. ಎ ಅಂದರೆ 10. ಹದಿನಾರು ಹತ್ತಲೆ ನೂರರವತ್ತು, ಮೇಲೆ ಎಂಟು, ಒಟ್ಟು 168. ಸೆಟ್ಟಿಂಗಿನಲ್ಲಿ ದಶಮಾಂಶಕ್ಕೆ ಬದಲಿಸಿಕೊಳ್ಳಬಹುದು, ಆದರೆ ಅದಕ್ಕಾಗಿ ಲ್ಯಾಪ್‌ಟಾಪ್ ಮತ್ತೆ ಆನ್ ಮಾಡಬೇಡಿ. ಸೊನ್ನೆ ಇರಬೇಕಾದ ಕಡೆ 168 ಇದೆ, ಸದ್ದೂ ಬರುತ್ತಿದೆ. ತೀರ್ಮಾನಕ್ಕೆ ಇಷ್ಟು ಸಾಕು.

ಸಿ7 ಎಂಬ ಸಾಲು ಮಾತ್ರ ಏರುತ್ತಿದ್ದು ಉಳಿದವು ಸೊನ್ನೆ ಇದ್ದರೆ ತಪ್ಪು ಸಾಮಾನ್ಯವಾಗಿ ಡಿಸ್ಕಿನದಲ್ಲ, ಕೇಬಲ್ಲಿನದು. ನಿಮ್ಮ ಕತೆ ಅದಲ್ಲ. ಇನ್ನು 01 ಮತ್ತು 07ರ ಎದುರಿನ ಉದ್ದುದ್ದ ಸಂಖ್ಯೆ ಕಂಡು ಗಾಬರಿಯಾಗಿದ್ದೀರಿ. ಸೀಗೇಟ್ ಡಿಸ್ಕುಗಳಲ್ಲಿ ಅವು ಹಾಗೇ ಇರುತ್ತವೆ, ಬಿಟ್ಟುಬಿಡಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಎಲ್ಲ ಸಾಲೂ ಸೊನ್ನೆ ಇದೆ ಎಂದು ನಿಶ್ಚಿಂತರಾಗಬೇಡಿ. ಗೂಗಲ್ ತನ್ನಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಶೇಕಡಾ 56ಕ್ಕೂ ಹೆಚ್ಚಿನವು ಸ್ಮಾರ್ಟಿನ (ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ, ಮೇಲಿನ ಸಾಲುಗಳನ್ನು ಕೊಡುವ ವ್ಯವಸ್ಥೆಯ) ನಾಲ್ಕು ಪ್ರಮುಖ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಅದೇ ಅಧ್ಯಯನದಲ್ಲಿ ಮೊದಲ ಸ್ಕ್ಯಾನ್ ದೋಷ (ತಟ್ಟೆಯ ತಪಾಸಣೆಯಲ್ಲಿ ಸಿಕ್ಕ ದೋಷ) ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ, ದೋಷವೇ ಕಾಣದ ಡಿಸ್ಕಿಗಿಂತ 39 ಪಟ್ಟು. ಅಂದರೆ ಹಳದಿ ದೀಪ ಹತ್ತಿದರೆ ನಂಬಿ, ಹತ್ತದಿದ್ದರೆ ನಂಬಬೇಡಿ.

ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ ಎಂಬ ಮಾತು ಎಲ್ಲಿಂದ ಬಂತೆಂದರೆ, ಇಡೀ ಡಿಸ್ಕಿನ ಮೇಲೆ ಹೊಸದಾಗಿ ಬರೆದಾಗ ಸಿ5ರಲ್ಲಿದ್ದ ಸೆಕ್ಟರುಗಳು ಒಂದೋ ಮೀಸಲು ಜಾಗಕ್ಕೆ ವರ್ಗವಾಗುತ್ತವೆ, ಇಲ್ಲವೇ ಸದ್ಯಕ್ಕೆ ಓದಲು ಸಿಗುತ್ತವೆ. ಹಳದಿ ಹೋಗಿ, ‘ಚೆನ್ನಾಗಿದೆ’ ಎನ್ನುವ ನೀಲಿಯೂ ಆಗಬಹುದು. ಜ್ವರ ಇಳಿಯಲಿಲ್ಲ, ಥರ್ಮಾಮೀಟರ್ ಒರೆಸಿಟ್ಟ ಹಾಗಾಯಿತು ಅಷ್ಟೇ. ನಿಮಿಷಕ್ಕೆ 5400 ಸಲ ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಾ ಓದಿ ಬರೆಯುವ ಹೆಡ್ಡು ಅದು. ಒಂದು ಕಡೆ ಗೀರು ಬಿದ್ದು ಪುಡಿ ಎದ್ದರೆ ಆ ಪುಡಿ ಸುಮ್ಮನಿರುವುದಿಲ್ಲ. ಇದೇ ಕಾರಣಕ್ಕೆ ಡಿಸ್ಕನ್ನು ಬಿಚ್ಚುವ ಸಾಹಸವೂ ಬೇಡ, ಫ್ರೀಜರಿನಲ್ಲಿಡುವ ಹಳೇ ಉಪಾಯವೂ ಬೇಡ. ಹೊರತೆಗೆದಾಗ ತಟ್ಟೆಯ ಮೇಲೆಯೇ ತೇವ ಕೂರುತ್ತದೆ.

ಹಾಗಾದರೆ ಮೊದಲು ಕೊಳ್ಳಬೇಕಾದದ್ದು ಏನು? ಎಲ್ಲರೂ ಎಸ್‌ಎಸ್‌ಡಿ ಎಂದು ಓಡುತ್ತಾರೆ. ನಾನು ಹೇಳುವುದು, ಮೊದಲು 2 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತನ್ನಿ. ಈಗ ಅದು ನಿಮ್ಮ ಡೇಟಾ ಇಳಿಸಿಕೊಳ್ಳುವ ಪಾತ್ರೆ, ಮುಂದೆ ಅದೇ ನಿಮ್ಮ ಬ್ಯಾಕಪ್. ಎಸ್‌ಎಸ್‌ಡಿ ಒಂದು ವಾರ ತಡವಾದರೂ ಏನೂ ಮುಳುಗಿಹೋಗುವುದಿಲ್ಲ.

ಡಿಸ್ಕ್ ಬಂದ ಮೇಲೆ ಲ್ಯಾಪ್‌ಟಾಪನ್ನು ವಿಂಡೋಸಿನಿಂದ ಶುರುಮಾಡಬೇಡಿ. ವಿಂಡೋಸ್ ಎದ್ದ ಕೂಡಲೇ ಅಪ್‌ಡೇಟ್, ಆಂಟಿವೈರಸ್, ಹುಡುಕಾಟದ ಇಂಡೆಕ್ಸ್ ಎಂದು ತನ್ನ ಸಂಸಾರವನ್ನೆಲ್ಲ ಅದೇ ಡಿಸ್ಕಿನ ಮೇಲೆ ಹೂಡುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಒಂದು ಲಿನಕ್ಸ್ ಲೈವ್ ಪೆನ್‌ಡ್ರೈವ್ (ಡಿಸ್ಕಿಗೆ ಏನೂ ಹಾಕದೆ ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಮಾಡಿಕೊಳ್ಳಿ, ಅದರಿಂದ ಬೂಟ್ ಮಾಡಿ. ಹಳೆಯ ಡಿಸ್ಕ್ ಲ್ಯಾಪ್‌ಟಾಪಿನೊಳಗೇ ಇರಲಿ. ಅಗ್ಗದ ಯುಎಸ್‌ಬಿ ಅಡಾಪ್ಟರುಗಳು ಓದುವ ದೋಷ ಬಂದಾಗ ಸಂಪರ್ಕವನ್ನೇ ಕಡಿದುಕೊಳ್ಳುವುದುಂಟು. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಎಲ್ಲಿದೆ ಎಂದು ಈಗಲೇ ಹುಡುಕಿ. ಅದಿಲ್ಲದಿದ್ದರೆ ಎಷ್ಟೇ ಚೆನ್ನಾಗಿ ಕಾಪಿ ಮಾಡಿದರೂ ಕೈಗೆ ಬರುವುದು ಕಸ.

ಮೊದಲ ಹತ್ತು ನಿಮಿಷದಲ್ಲಿ, ಮತ್ತೆ ಎಲ್ಲೂ ಸಿಗದಂಥ ಸಣ್ಣ ಫೈಲುಗಳನ್ನು ಮಾತ್ರ ಎಳೆದುಕೊಳ್ಳಿ: ಬರೆದದ್ದು, ಲೆಕ್ಕಪತ್ರ, ಸ್ಕ್ಯಾನ್ ಮಾಡಿದ ದಾಖಲೆ. ಡಿಸ್ಕನ್ನು ಬರೀ ಓದುವ ಹಾಗೆ ಮೌಂಟ್ ಮಾಡಿ (ಲಿನಕ್ಸಿಗೆ ಜೋಡಿಸಿ) ಆ ಫೋಲ್ಡರುಗಳಿಗಷ್ಟೇ ಹೋಗಿ. ಒಂದು ಫೈಲು ಸಿಕ್ಕಿಹಾಕಿಕೊಂಡರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಸಿನಿಮಾ, ಇನ್‌ಸ್ಟಾಲರ್ ಇತ್ಯಾದಿಗಳ ಕಡೆ ತಿರುಗಿಯೂ ನೋಡಬೇಡಿ. ಆಮೇಲೆ ಅನ್‌ಮೌಂಟ್ ಮಾಡಿ, ಇಡೀ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಹಚ್ಚಿ.

ಡಿಡಿರೆಸ್ಕ್ಯೂ ಉಚಿತ, ನೋಡಲು ಬರೀ ಅಕ್ಷರ, ಆದರೆ ಇಂಥ ಹೊತ್ತಿಗೆ ಅದಕ್ಕಿಂತ ಬುದ್ಧಿವಂತ ತಂತ್ರಾಂಶ ನಾನು ಕಂಡಿಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ, ತೊಡಕಿನ ಜಾಗ ಬಂದರೆ ಹಾರಿ ಮುಂದಕ್ಕೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ಬಿಟ್ಟ ಜಾಗಗಳಿಗೆ ಮರಳುತ್ತದೆ. ಎಲ್ಲೆಲ್ಲಿ ಏನಾಯಿತು ಎಂಬುದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಹಾಗಾಗಿ ಮಧ್ಯೆ ನಿಂತರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಡಿ. ಲೈವ್ ಲಿನಕ್ಸಿನ ಡೆಸ್ಕ್‌ಟಾಪಿನಲ್ಲಿಟ್ಟರೆ ಅದು ಇರುವುದು ರ‍್ಯಾಮಿನಲ್ಲಿ, ಕರೆಂಟ್ ಹೋದರೆ ಅದೂ ಹೋಯಿತು. ಗುರಿಯನ್ನು (ನಕಲು ಬರೆಯುವ ಜಾಗವನ್ನು) ಡಿಸ್ಕಿನ ಬದಲು ಒಂದು ಇಮೇಜ್ ಫೈಲಾಗಿ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ಹಿಡಿಯುವ ಒಂದೇ ಫೈಲಾಗಿ ಕೊಡಿ. ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಎಂಬ ಹಳೆಯ ರೀತಿಯಲ್ಲಿ ಫಾರ್ಮ್ಯಾಟ್ ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ.

ಎರಡನೇ ಸಲ ನನ್ನ ಡಿಸ್ಕ್ ಕೆಟ್ಟಾಗ ಹೀಗೆ ಮಾಡಿದೆ. ಅದೂ 1 ಟಿಬಿಯದೇ. ಮೂರೂವರೆ ತಾಸಿನಲ್ಲಿ ಶೇಕಡಾ 99ರಷ್ಟು ಬಂತು. ಮಿಕ್ಕ ಒಂದಕ್ಕೆ ಒಂದು ರಾತ್ರಿ ಮತ್ತು ಮರುದಿನದ ಅರ್ಧ ಹೋಯಿತು. ವೇಗದ ಸಾಲಿನಲ್ಲಿ ಸೆಕೆಂಡಿಗೆ 90 ಎಂಬಿ ಅಂತಿದ್ದದ್ದು ಒಮ್ಮೆಲೇ ಸೊನ್ನೆಗೆ ಕುಸಿಯುತ್ತದೆ, ಉಸಿರು ಹಿಡಿದು ಕೂತಿರುತ್ತೀರಿ, ಮತ್ತೆ ಏರುತ್ತದೆ. ಟೇಬಲ್ ಫ್ಯಾನನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿಟ್ಟಿದ್ದೆ. ಕೊನೆಗೆ ಸಿಗದೆ ಉಳಿದದ್ದು ಎರಡು ಎಂಬಿಗೂ ಕಡಿಮೆ, ಅದರಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದು ಹಾಳಾದ ಫೋಟೊ ಮಾತ್ರ: ಮೇಲರ್ಧ ಸರಿ, ಕೆಳಗೆ ಬೂದು ಪಟ್ಟಿ. ಚೆಕ್‌ಡಿಸ್ಕ್ ಓಡಿಸಲೇಬೇಕೆಂಬ ಆಸೆ ಇದ್ದರೆ ಆ ಇಮೇಜಿನ ಇನ್ನೊಂದು ಪ್ರತಿಯ ಮೇಲೆ ಓಡಿಸಿ.

ಆನ್ ಮಾಡಿದ ಕೂಡಲೇ ಟಕ್, ಟಕ್, ಟಕ್ ಎಂದು ಒಂದೇ ಲಯದಲ್ಲಿ ಬಡಿದು ಡಿಸ್ಕ್ ಗುರುತೇ ಸಿಗದಿದ್ದರೆ ಇದ್ಯಾವುದೂ ನಡೆಯದು. ಆಗ ನಿಲ್ಲಿಸಿ. ಡೇಟಾ ಅಷ್ಟು ಅಮೂಲ್ಯವಾಗಿದ್ದರೆ ಧೂಳುರಹಿತ ಕೋಣೆಯಿರುವ ರಿಕವರಿ ಲ್ಯಾಬಿಗೇ ಕೊಡಿ. ಖರ್ಚು ಜೋರಾಗಿಯೇ ಇರುತ್ತದೆ.

ಇನ್ನು ಎಸ್‌ಎಸ್‌ಡಿ. ಬ್ರ್ಯಾಂಡ್ ಕೇಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನು ಕೂರುತ್ತದೆ ನೋಡಿ. ಈಗಿರುವುದು 2.5 ಇಂಚಿನ ಸಾಟಾ (ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಹಳೆಯ ರೀತಿ) ಡಿಸ್ಕ್, ಅದೇ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕಣ್ಣುಮುಚ್ಚಿ ಹಾಕಬಹುದು. ಆರು ವರ್ಷದ ಲ್ಯಾಪ್‌ಟಾಪುಗಳಲ್ಲಿ ಅನೇಕವಕ್ಕೆ ಒಂದು ಖಾಲಿ ಎಂ.2 ಸ್ಲಾಟೂ ಇರುತ್ತದೆ. ಎಡವುವುದು ಇಲ್ಲೇ: ಎಂ.2 ಎಂಬುದು ಆಕಾರದ ಹೆಸರು. ಅದರೊಳಗೆ ಸಾಟಾವೂ ಬರುತ್ತದೆ, ಅದಕ್ಕಿಂತ ವೇಗದ ಜೋಡಣೆಯಾದ ಎನ್‌ವಿಎಂಇಯೂ ಬರುತ್ತದೆ. ಸಾಟಾ ಮಾತ್ರ ಒಪ್ಪುವ ಸ್ಲಾಟಿಗೆ ಎನ್‌ವಿಎಂಇ ಹಾಕಿದರೆ ಕೂರುವುದೇನೋ ಕೂತೀತು, ಕಂಪ್ಯೂಟರಿಗೆ ಕಾಣಿಸುವುದಿಲ್ಲ. ನಿಮ್ಮ ಮಾಡೆಲಿನ ಮ್ಯಾನ್ಯುಯಲ್‌ನಲ್ಲಿ ಆ ಒಂದು ಸಾಲು ಓದಿಯೇ ದುಡ್ಡು ಬಿಚ್ಚಿ.

ವೇಗದ ಸಂಖ್ಯೆಗಳಿಗೆ ಮರುಳಾಗಬೇಡಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ, ಸಾಧಾರಣ ಎನ್‌ವಿಎಂಇ 3500. ಹಾರ್ಡ್ ಡಿಸ್ಕಿನಿಂದ ಬರುವವರಿಗೆ ಎರಡೂ ಸ್ವರ್ಗವೇ, ಏಕೆಂದರೆ ನಿಮ್ಮನ್ನು ಕಾಯಿಸುತ್ತಿದ್ದದ್ದು ಸಾವಿರಾರು ಸಣ್ಣ ಫೈಲುಗಳಿಗಾಗಿ ಅತ್ತಿಂದಿತ್ತ ಅಲೆಯುತ್ತಿದ್ದ ಹೆಡ್ಡು. ಪತ್ರ ಬರೆಯಲು, ಬ್ರೌಸರಿಗೆ, ಫೋಟೊ ನೋಡಲು ಇವೆರಡರ ನಡುವಿನ ಅಂತರ ನನ್ನ ಕಣ್ಣಿಗಂತೂ ಕಂಡಿಲ್ಲ.

ನಾನು ನೋಡುವುದು ಒಳಗಿನ ಮೆಮೊರಿ ಟಿಎಲ್‌ಸಿಯೋ (ಒಂದು ಕೋಶದಲ್ಲಿ ಮೂರು ಬಿಟ್) ಕ್ಯೂಎಲ್‌ಸಿಯೋ (ನಾಲ್ಕು ಬಿಟ್) ಎಂದು. ಕ್ಯೂಎಲ್‌ಸಿ ತುಂಬುತ್ತಾ ಬಂದಂತೆ, ದೊಡ್ಡ ಫೈಲು ಬರೆಯುವಾಗ ಕ್ಯಾಶ್ (ಬೇಗ ಬರೆದುಕೊಳ್ಳುವ ತಾತ್ಕಾಲಿಕ ಜಾಗ) ಮುಗಿದರೆ, ಹಳೇ ಹಾರ್ಡ್ ಡಿಸ್ಕಿಗಿಂತ ನಿಧಾನವಾಗುವುದುಂಟು. ಟಿಎಲ್‌ಸಿ ಇರಲಿ, ಸಾಧ್ಯವಾದರೆ ಐದು ವರ್ಷದ ವಾರಂಟಿ ಇರಲಿ. ಬರೆದು ಬರೆದು ಸವೆಯುತ್ತದಂತೆ ಎಂದು ಹೆದರಿದ್ದೀರಿ, ಲೆಕ್ಕ ಹಾಕಿ: 1 ಟಿಬಿಯ ಟಿಎಲ್‌ಸಿಗೆ 600 ಟಿಬಿ ಬರೆಯುವ ಖಾತರಿ ಇರುವುದು ಸಾಮಾನ್ಯ. ದಿನಕ್ಕೆ 30 ಜಿಬಿ ಬರೆದರೂ 20,000 ದಿನ, ಐವತ್ತು ವರ್ಷದ ಮೇಲಾಯಿತು. ಎಸ್‌ಎಸ್‌ಡಿಗಳು ಸಾಯುವುದು ಹೆಚ್ಚಾಗಿ ಸವೆದಲ್ಲ, ಒಳಗಿನ ಕಂಟ್ರೋಲರ್ ಚಿಪ್ ಕೈಕೊಟ್ಟು, ಟಿಕ್ ಅನ್ನದೆ, ಒಂದು ಬೆಳಿಗ್ಗೆ. ಅದಕ್ಕೇ ಎಕ್ಸ್‌ಟರ್ನಲ್ ಡಿಸ್ಕ್ ಮೊದಲು ಎಂದದ್ದು. ಬೀರುವಿನಲ್ಲಿ ವರ್ಷಗಟ್ಟಲೆ ಇಡುವ ಪ್ರತಿಗೆ ಹಾರ್ಡ್ ಡಿಸ್ಕೇ ವಾಸಿ, ಕರೆಂಟಿಲ್ಲದೆ ಬಹುಕಾಲ ಬಿದ್ದಿರುವ ಎಸ್‌ಎಸ್‌ಡಿಯಲ್ಲಿ ಚಾರ್ಜು ಸೋರುತ್ತದೆ.

1 ಟಿಬಿ ಕೊಂಡರೆ ವಿಂಡೋಸ್ 931 ಜಿಬಿ ಎಂದು ತೋರಿಸುತ್ತದೆ, ಮೋಸವಲ್ಲ, ಎಣಿಸುವ ರೀತಿ ಬೇರೆ. ಕಡ್ಡಿಪೆಟ್ಟಿಗೆಯಷ್ಟು ಸಾಧನಕ್ಕೆ 16 ಟಿಬಿ ಎಂದು ಚೀಟಿ ಅಂಟಿಸಿ ಪುಡಿಗಾಸಿಗೆ ಮಾರುತ್ತಾರಲ್ಲ, ಅದು ಶುದ್ಧ ಮೋಸ. ಒಳಗಿರುವುದು ಸಣ್ಣದೊಂದು ಮೆಮೊರಿ ಕಾರ್ಡ್. ಯಾವುದೇ ಹೊಸ ಡಿಸ್ಕನ್ನು ಒಮ್ಮೆ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ತಪಾಸಣೆ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಓದಿಸಿ ನೋಡುವುದು ನನ್ನ ಅಭ್ಯಾಸ.

ಹಳೇ ವಿಂಡೋಸನ್ನೇ ಎಸ್‌ಎಸ್‌ಡಿಗೆ ಕ್ಲೋನ್ (ಇದ್ದ ಹಾಗೇ ನಕಲು) ಮಾಡಬೇಡಿ. ಓದಲಾಗದೆ ತೂತು ಬಿದ್ದದ್ದು ಯಾವ ಸಿಸ್ಟಮ್ ಫೈಲಿನಲ್ಲೋ ಗೊತ್ತಿಲ್ಲ, ಆರು ತಿಂಗಳಾದ ಮೇಲೆ ವಿಚಿತ್ರ ಕಾಟ ಕೊಡುತ್ತದೆ. ವಿಂಡೋಸ್ ಹೊಸದಾಗಿ ಹಾಕಿ, ಇಮೇಜಿನಿಂದ ನಿಮ್ಮ ಫೈಲುಗಳನ್ನಷ್ಟೇ ಎತ್ತಿಕೊಳ್ಳಿ. ಹಳೇ ಡಿಸ್ಕಿಗೆ ಒಂದು ಚೀಟಿ ಅಂಟಿಸಿ ಎರಡು ತಿಂಗಳು ಎತ್ತಿಡಿ, ಮರೆತ ಫೋಲ್ಡರುಗಳು ನೆನಪಾಗುವುದೇ ಆಗ. ಆಮೇಲೆ ತೂತು ಕೊರೆದು ಎಸೆಯಿರಿ. ಮಾರಬೇಡಿ, ಯಾರಿಗೂ ಕೊಡಬೇಡಿ.

ಡಿಡಿರೆಸ್ಕ್ಯೂಗೆ ಎಂಟರ್ ಒತ್ತುವ ಮೊದಲು, ಜೋಡಿಸಿದ ಡಿಸ್ಕುಗಳ ಪಟ್ಟಿ ಕೊಡುವ ಎಲ್‌ಎಸ್‌ಬ್ಲಾಕ್ ಓಡಿಸಿ, ಡಿಸ್ಕುಗಳ ಅಳತೆ ಮತ್ತು ಮಾಡೆಲ್ ಹೆಸರು ಕಾಣುವ ಹಾಗೆ ಪರದೆಯ ಫೋಟೊ ತೆಗೆದು ಕೆಳಗೆ ಹಾಕಿ. ಯಾವುದು ಮೂಲ, ಯಾವುದು ಗುರಿ ಎಂದು ನಾನೂ ಒಮ್ಮೆ ನೋಡುತ್ತೇನೆ. ಅದು ಅದಲುಬದಲಾದರೆ ಮಾತ್ರ ಯಾರ ಕೈಯಲ್ಲೂ ಏನೂ ಆಗುವುದಿಲ್ಲ.