ತರಗತಿಯಲ್ಲಿ ಮಾಡಿದ ಹೊಸ ಪ್ರಯೋಗವನ್ನು ಮೆಡಿಕಲ್ ಎಜುಕೇಶನ್ ಜರ್ನಲ್‌ನಲ್ಲಿ ಪ್ರಕಟಿಸಬಹುದಾ?

ಫಿಸಿಯಾಲಜಿ ಲೆಕ್ಚರ್ ಬಿಟ್ಟು ಕೇಸ್ ಚರ್ಚೆ (ಒಬ್ಬ ರೋಗಿಯ ಕಥೆ ಇಟ್ಟುಕೊಂಡು ಚರ್ಚಿಸುವುದು) ಶುರು ಮಾಡಿದ್ದೀರಿ, ವಿದ್ಯಾರ್ಥಿಗಳಿಗೆ ತುಂಬಾ ಹಿಡಿಸಿದೆ, ಪೇಪರ್ ಬರೆಯೋಕೆ ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. ಇಂಥ ಪೇಪರ್‌ಗಳನ್ನು ನಾನು ರಿವ್ಯೂ ಮಾಡುತ್ತೇನೆ. ಜಾಸ್ತಿ ಪೇಪರ್‌ಗಳು "ಹೀಗೆ ಮಾಡಿದೆವು, ಎಲ್ಲರೂ ಮೆಚ್ಚಿದರು" ಅನ್ನುವಲ್ಲಿಗೇ ನಿಂತುಬಿಡುತ್ತವೆ. ತರಬೇತಿಯ ಫಲ ಅಳೆಯೋಕೆ ಕಿರ್ಕ್‌ಪ್ಯಾಟ್ರಿಕ್ ಹೇಳುವ ನಾಲ್ಕು ಹಂತಗಳಲ್ಲಿ ಮೆಚ್ಚುಗೆ ಮೊದಲನೆಯದು ಅಷ್ಟೇ. ಆಮೇಲೆ ಕಲಿಕೆ, ನಡವಳಿಕೆ, ಫಲಿತಾಂಶ ಇವೆ.

ಹಾಗಾದರೆ ಪಾಠಕ್ಕೆ ಮುಂಚೆ ಒಂದು ಟೆಸ್ಟ್, ಆಮೇಲೆ ಒಂದು ಟೆಸ್ಟ್ ಇಟ್ಟರಾಯಿತು ಅಂತೀರಾ? ಪಾಠ ಕೇಳಿದ ಮೇಲೆ ಅಂಕ ಏರದೆ ಇಳಿಯುತ್ತದಾ! ಲೆಕ್ಚರ್ ಕೇಳಿದ್ದರೂ ಏರುತ್ತಿತ್ತು. ಅದೇ ವಿಷಯವನ್ನು ಅಷ್ಟೇ ಹೊತ್ತು ಲೆಕ್ಚರ್‌ನಲ್ಲಿ ಕಲಿತ ಗುಂಪಿನ ಜೊತೆ ಹೋಲಿಸಿ. ಕೆಲವು ತಿಂಗಳು ಬಿಟ್ಟು ಇಬ್ಬರಿಗೂ ಮತ್ತೆ ಟೆಸ್ಟ್ ಕೊಡಿ. ಆಗ ಮಾತಿಗೆ ತೂಕ ಬರುತ್ತದೆ.

ಇನ್ನೂ ಒಳ್ಳೆಯ ಪ್ರಶ್ನೆ ಬೇರೆಯೇ ಇದೆ. ಕುಕ್, ಬೋರ್ಡಾಜ್, ಶ್ಮಿಟ್ ಎಂಬ ಸಂಶೋಧಕರು 2008ರಲ್ಲಿ ಈ ಕ್ಷೇತ್ರದ ಪ್ರಯೋಗಗಳನ್ನು ಮೂರು ಬಗೆ ಮಾಡಿದರು: ಏನು ಮಾಡಿದೆವು ಅಂತ ವಿವರಿಸುವುದು, ಕೆಲಸ ಮಾಡಿತಾ ಅಂತ ನೋಡುವುದು, ಯಾಕೆ ಮತ್ತು ಹೇಗೆ ಕೆಲಸ ಮಾಡಿತು ಅಂತ ಹುಡುಕುವುದು. ಮೂರನೆಯದು ಬಹಳ ಕಡಿಮೆ. ನಿಮ್ಮಲ್ಲಿ ಫಲ ಕೊಟ್ಟಿದ್ದು ಕೇಸಾ, ಅಥವಾ ವಿದ್ಯಾರ್ಥಿಗಳು ಕೂತು ವಾದ ಮಾಡಿದ್ದಾ? ಕೇಸನ್ನು ಒಬ್ಬೊಬ್ಬರೇ ಓದಿದ ಗುಂಪೂ ಒಂದಿದ್ದರೆ ಉತ್ತರ ಸಿಗಬಹುದು. ಬೇರೆ ಕಾಲೇಜಿನ ಮೇಷ್ಟ್ರಿಗೆ ಬೇಕಾಗಿರೋದು ಇದೇ ಅಲ್ವಾ?

ಇಷ್ಟೆಲ್ಲ ಆಗದಿದ್ದರೂ ನಿಮ್ಮ ಕೇಸ್‌ಗಳು ಚೆನ್ನಾಗಿದ್ದರೆ ಮೆಡ್‌ಎಡ್‌ಪೋರ್ಟಲ್ ನೋಡಿ. ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿಯ ಜರ್ನಲ್ ಅದು. ಕೇಸ್, ನಡೆಸುವವರಿಗೆ ಮಾರ್ಗದರ್ಶಿ, ಮೌಲ್ಯಮಾಪನದ ಫಾರಂ ಎಲ್ಲವನ್ನೂ ಒಟ್ಟಿಗೆ ಪ್ರಕಟಿಸುತ್ತದೆ, ಪೀರ್ ರಿವ್ಯೂ (ಅದೇ ಕ್ಷೇತ್ರದ ಬೇರೆ ತಜ್ಞರ ಪರಿಶೀಲನೆ) ಕೂಡ ಇದೆ. ಬಿಎಂಸಿ ಮೆಡಿಕಲ್ ಎಜುಕೇಶನ್ ಎಂಬ ಜರ್ನಲ್ ಕೂಡ ಓಪನ್ ಆಕ್ಸೆಸ್, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದು, ಆದರೆ ಪ್ರಕಟಣೆಗೆ ಶುಲ್ಕವಿದೆ, ವಿನಾಯಿತಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ. ಎರಡೇ ದಿನದಲ್ಲಿ ಪೇಪರ್‌ಗೆ ಒಪ್ಪಿಗೆ ಕೊಡ್ತೀವಿ ಅನ್ನೋ ನಕಲಿ ಜರ್ನಲ್‌ಗಳ ಇಮೇಲ್‌ಗಳನ್ನು ಸುಮ್ನೆ ಡಿಲೀಟ್ ಮಾಡಿ.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಸಮಿತಿಯನ್ನು ಮಾತ್ರ ಮರೆಯಬೇಡಿ. ವಿದ್ಯಾರ್ಥಿಗಳಿಗೆ ಅಂಕ ಕೊಡುವವರು ನೀವೇ. ನೀವು ಕೇಳಿದರೆ ಅವರು ಬೇಡ ಅನ್ನೋದು ಕಷ್ಟ, ಹಾಗಾಗಿ ಒಪ್ಪಿಗೆ ಪತ್ರವನ್ನು ಬೇರೆಯವರ ಕೈಲಿ ತೆಗೆಸಿ. ಸಮಿತಿಯ ಅನುಮತಿ, ಇಲ್ಲವೇ ಅನುಮತಿ ಬೇಕಿಲ್ಲ ಅನ್ನೋ ಪತ್ರ ಮುಂಚೆಯೇ ಕೈಯಲ್ಲಿರಬೇಕು. ಮುಂದಿನ ಬ್ಯಾಚ್ ಶುರುವಾಗುವ ಮೊದಲು ಅರ್ಜಿ ಹಾಕಿ. ವಿದ್ಯಾರ್ಥಿಗಳಿಂದ ಈಗಾಗಲೇ ತುಂಬಿಸಿಕೊಂಡ ಅಭಿಪ್ರಾಯದ ಫಾರಂಗಳನ್ನು ಬಳಸಬಹುದಾ ಅಂತಲೂ ಅದರಲ್ಲೇ ಕೇಳಿಬಿಡಿ.